ನಾಲ್ಕನೆಯ ಪೆಟ್ಟು

ಬೊಲಿವಿಯಾ ದೇಶದ ಮೇಲೆ ದುರುಗಮ್ಮನಿಗೆ ಮೊದಲು ಮುನಿಸು ಬಂದದ್ದು ತೊಗರಿಬೇಳೆಯ ದೆಸೆಯಿಂದ.

ಲರಮಾ ಬೆಟ್ಟದ ಮಗ್ಗುಲಿನ ಆ ಹಳ್ಳಿ ಆಂಡೀಸ್ ಪರ್ವತಗಳ ನಡುವೆ ನಾಲ್ಕು ಸಾವಿರ ಮೀಟರ್ ಎತ್ತರದಲ್ಲಿತ್ತು. ಅಷ್ಟು ಮೇಲೆ ಗಾಳಿಯ ಒತ್ತಡ ಕಡಿಮೆ. ನೀರು ಬೇಗ ಕುದಿಯುತ್ತದೆ, ಆದರೆ ಕುದಿಯುವ ನೀರಿನಲ್ಲಿ ಬೇಳೆ ಬೇಯಿಸುವಷ್ಟು ಕಾವಿರುವುದಿಲ್ಲ. ಇದನ್ನೆಲ್ಲ ಮಗಳು ಹುಲಿಗೆಮ್ಮ ಬಿಡಿಸಿ ಹೇಳಿದಳು. ದುರುಗಮ್ಮ ಸೌಟು ಹಿಡಿದುಕೊಂಡೇ ಕೇಳಿಸಿಕೊಂಡಳು.

"ನೋಡಿದ್ರ ಕೊತಕೊತ ಕುದಿಯಾಕತ್ತೈತಿ, ಬೇಳಿ ಮಾತ್ರ ಹಾಕಿದಂಗ ಐತಿ. ಈ ಊರಾಗ ನೀರಿಗೂ ಬರೇ ಬಡಿವಾರ," ಎಂದಳು.

ಮನೆಯೊಡತಿ ಸಾತುರ್ನಿನಾ ಈ ಸಂಕಟ ನೋಡಿ ತನ್ನ ಕುಕ್ಕರನ್ನೇ ತಂದಿಟ್ಟಳು. ಅವಳದು ಐಮಾರಾ ಭಾಷೆ, ಇವಳದು ರಾಯಚೂರಿನ ಕನ್ನಡ. ಇಬ್ಬರೂ ಗಣಿ ಕೆಲಸದವರನ್ನು ಕಟ್ಟಿಕೊಂಡವರು, ಇಬ್ಬರೂ ಗಂಡಂದಿರನ್ನು ಕಳೆದುಕೊಂಡವರು. ಒಬ್ಬರ ಮಾತು ಒಬ್ಬರಿಗೆ ತಿಳಿಯದಿದ್ದರೂ ಮಾತಿಗೇನೂ ಬರ ಇರಲಿಲ್ಲ. ದುರುಗಮ್ಮ ಅಲ್ಲಿನ ಕಿನೋವಾ ಕಾಳನ್ನು ಬೀಸಿ, ತಂದಿದ್ದ ಜೋಳದ ಹಿಟ್ಟಿಗೆ ಬೆರೆಸಿ ರೊಟ್ಟಿ ಬಡಿಯುತ್ತಿದ್ದಳು. ಸಾತುರ್ನಿನಾ ಆ ಪಟಪಟ ಸದ್ದಿಗೆ ಮನಸೋತು ದಿನವೂ ಬಂದು ಕೂರುತ್ತಿದ್ದಳು.

ಅವ್ವ ಇಷ್ಟು ದೂರ ಯಾಕೆ ಬಂದಳು ಎಂಬುದು ಮಾತ್ರ ಹುಲಿಗೆಮ್ಮನಿಗೆ ಬಗೆಹರಿದಿರಲಿಲ್ಲ. ಲಿಂಗಸುಗೂರಿಗೆ ಮದುವೆಗೆ ಹೋಗೋಣ ಎಂದರೂ ನೂರು ನೆಪ ಹೇಳುತ್ತಿದ್ದವಳು. ಹೊನ್ನಗಟ್ಟಿಯ ಚಿನ್ನದ ಗಣಿಯ ಕಾಲನಿಯಲ್ಲಿ ಮೂವತ್ತು ವರ್ಷ ಅಲುಗಾಡದೆ ಕೂತವಳು. ಮಗಳು ತನ್ನ ಹೊಸ ಯಂತ್ರದ ಬಗ್ಗೆ ಹೇಳಿದ ದಿನ ಒಮ್ಮೆಲೇ ತಲೆಯೆತ್ತಿದ್ದಳು.

"ಕಲ್ಲಿಗೆ ಹಿಂದಕ ಬಿದ್ದ ಪೆಟ್ಟೆಲ್ಲ ಅದು ಹೇಳತೈತೇನು?"

"ಹೇಳತೈತವ್ವ."

"ಯಾರು ಬಡಿದ್ರು ಅನ್ನೂದು?"

"ಯಾರು ಅನ್ನೂದು ಹೇಳಂಗಿಲ್ಲ. ಯಾವಾಗ, ಎಷ್ಟು ಜೋರು, ಯಾವ ಕಡಿಂದ, ಅಷ್ಟು ಹೇಳತೈತಿ."

"ಅಷ್ಟಾದ್ರ ಸಾಕು. ನಾನೂ ಬರತೀನಿ ನಿನ್ನ ಕೂಡ."

ಮಗಳ ಊಟ ಉಪಚಾರ ನೋಡಿಕೊಳ್ಳಲು ಬರುತ್ತಾಳೆ ಎಂದುಕೊಂಡು ಹುಲಿಗೆಮ್ಮ ಸಂತೋಷಪಟ್ಟಳು. ನಲವತ್ತರ ಹತ್ತಿರ ಬಂದ ಮಗಳಿಗೂ ಅಂಥ ಆಸೆ ಇರುತ್ತದೆ.

*

ಕಲ್ಲಿಗೆ ಹೊಡೆದವನು ಮರೆಯಬಹುದು, ಕಲ್ಲು ಮರೆಯದಿದ್ದರೆ? ಹುಲಿಗೆಮ್ಮನ ಯಂತ್ರ ಹುಟ್ಟಿದ್ದು ಈ ಒಂದೇ ಪ್ರಶ್ನೆಯಿಂದ.

ಯಾವ ಬಂಡೆಯಲ್ಲಾದರೂ ಒಂದಿಷ್ಟು ವಿಕಿರಣ ಇದ್ದೇ ಇರುತ್ತದೆ. ಅದರ ದೆಸೆಯಿಂದ ಹರಳುಗಳ ಒಳಗಿನ ಸಣ್ಣ ಊನಗಳಲ್ಲಿ ವಿದ್ಯುತ್ಕಣಗಳು ಸಿಕ್ಕಿಬೀಳುತ್ತ ಹೋಗುತ್ತವೆ. ಸೋರುವ ನಲ್ಲಿಯ ಕೆಳಗಿಟ್ಟ ಕೊಡ ಹನಿಹನಿಯಾಗಿ ತುಂಬುವ ಹಾಗೆ. ಬಂಡೆಗೆ ಪೆಟ್ಟು ಬಿದ್ದರೆ ಕೊಡ ಕೊಂಚ ತುಳುಕುತ್ತದೆ, ಬೆಂಕಿ ತಾಕಿದರೆ ಪೂರ್ತಿ ಬರಿದಾಗುತ್ತದೆ, ಆಮೇಲೆ ಮತ್ತೆ ತುಂಬತೊಡಗುತ್ತದೆ. ತುಳುಕಿದ್ದೆಷ್ಟು, ತುಂಬಿದ್ದೆಷ್ಟು ಎಂದು ಸಣ್ಣ ಬೆಳಕಿನ ಎಳೆ ಹಾಯಿಸಿ ಅಳೆಯಬಹುದು. ವಿಜ್ಞಾನಿಗಳು ಇದರಿಂದ ಹಳೆಯ ವಸ್ತುಗಳ ಕಾಲ ಹೇಳುತ್ತಿದ್ದರು. ಒಂದರ ಮೇಲೊಂದು ಬಿದ್ದ ಪೆಟ್ಟುಗಳನ್ನು ಬಿಡಿಸಿ, ಯಾವುದು ಮೊದಲು, ಯಾವುದು ಆಮೇಲೆ, ನಡುವೆ ಬಿಡುವೆಷ್ಟು ಎಂದು ಹೇಳುವ ವಿದ್ಯೆಯನ್ನು ಹುಲಿಗೆಮ್ಮ ಕಂಡುಹಿಡಿದಳು. ಗೋಡೆಯ ಆಚೆ ಬದಿಗೆ ಬಿದ್ದ ಪೆಟ್ಟು ಕೂಡ ಈಚೆ ಬದಿಗೆ ಕ್ಷೀಣವಾಗಿ ಮುಟ್ಟಿರುತ್ತದೆ. ಅದನ್ನೂ ಯಂತ್ರ ಹಿಡಿಯುತ್ತಿತ್ತು. ಬೇಕೆಂದರೆ ಪೆಟ್ಟುಗಳನ್ನು ಮತ್ತೆ ಸದ್ದಾಗಿಸಿ ಕೇಳಿಸುತ್ತಿತ್ತು. ಅದಕ್ಕವಳು 'ಆಲಿಕೆ' ಎಂದು ಹೆಸರಿಟ್ಟಿದ್ದಳು.

ಲರಮಾ ಬೆಟ್ಟಕ್ಕೆ ಅವಳನ್ನು ಕರೆಸಿದವನು ರೆನಾನ್ ಚೋಕೆ. ಪುರಾತತ್ವಜ್ಞ, ಸಾತುರ್ನಿನಾಳ ಅಕ್ಕನ ಮಗ, ಕಡಿಮೆ ಮಾತಿನವನು. ಆ ಬೆಟ್ಟದ ಹೊಟ್ಟೆಯಲ್ಲಿ ಸಾವಿರ ವರ್ಷಕ್ಕೂ ಹಿಂದೆ ಜನ ನೀಲಿಕಲ್ಲು ತೆಗೆದಿದ್ದರು. ರಾಜರ ಮನೆಯವರು ಕೊರಳಿಗೆ ಹಾಕುತ್ತಿದ್ದ, ದೇವರ ಕಣ್ಣಿಗೆ ಕೂರಿಸುತ್ತಿದ್ದ ಕಲ್ಲು ಅದು. ಹಿಡಿಗೆ ಚರ್ಮದ ಪಟ್ಟಿಯಿಂದ ಬಿಗಿದ ಕಲ್ಲಿನ ಸುತ್ತಿಗೆಗಳು, ಜಿಂಕೆಯ ಕೊಂಬಿನ ಬೆಣೆಗಳು, ಹುಲ್ಲಿನ ಹಗ್ಗದ ಚೂರುಗಳು ಸುರಂಗದುದ್ದಕ್ಕೂ ಸಿಕ್ಕಿದ್ದವು. ಎಲ್ಲಿಯೂ ಬೆಂಕಿಯ ಗುರುತಿರಲಿಲ್ಲ.

"ಇರುವಂತಿಲ್ಲ," ಎಂದಿದ್ದ ರೆನಾನ್. "ಬೇರೆ ಗಣಿಗಳಲ್ಲಿ ಬಂಡೆಗೆ ಬೆಂಕಿ ಹಾಕಿ ಕಾಯಿಸಿ, ತಣ್ಣೀರು ಎರಚಿ ಸೀಳುತ್ತಿದ್ದರು. ಬೇಗ ಆಗುತ್ತದೆ. ಆದರೆ ಈ ಕಲ್ಲಿಗೆ ಕಾವು ತಾಕಿದರೆ ನೀಲಿ ಹೋಗಿಬಿಡುತ್ತದೆ, ಬೂದಿಯ ಬಣ್ಣ ಬರುತ್ತದೆ. ಆಮೇಲೆ ಅದನ್ನು ಯಾರೂ ಮೂಸುವುದಿಲ್ಲ."

ಹಾಗಿದ್ದರೂ ಒಂದು ಕವಲಿನಲ್ಲಿ, ಬೆಟ್ಟದಲ್ಲೇ ಅತಿ ದಪ್ಪವಾದ ನೀಲಿಯ ಪಟ್ಟೆ ಹಾದುಹೋಗುವ ಕಡೆ, ಗೋಡೆ ಮಸಿಗಟ್ಟಿತ್ತು. ಮೊಳಗಟ್ಟಲೆ ಕಲ್ಲು ಸುಟ್ಟು ಬಿಳಚಿಕೊಂಡಿತ್ತು. ಸುಟ್ಟ ಕಲ್ಲಿನ ನಡುವೆ ಒಂದು ತೂತು, ಅದರಾಚೆ ಒಂದು ಬರಿದಾದ ಸಣ್ಣ ಕೋಣೆ. ತಮ್ಮ ಸಿರಿಯನ್ನು ತಾವೇ ಯಾರು ಸುಟ್ಟುಕೊಳ್ಳುತ್ತಾರೆ? ಶತ್ರುಗಳ ಕೆಲಸ ಎಂದರು ಕೆಲವರು, ಯಾವುದೋ ಪೂಜೆ ಎಂದರು ಕೆಲವರು. ಆಲಿಕೆ ಹೇಳಲಿ ಎಂದ ರೆನಾನ್.

ಯಂತ್ರವನ್ನು ಗೋಡೆಗೆ ಆನಿಸುವ ಮುನ್ನ ಹುಲಿಗೆಮ್ಮ ಕೈಸುತ್ತಿಗೆಯಿಂದ ಬಂಡೆಯನ್ನು ಮೂರು ಸಲ ತಟ್ಟಿ ಕೈಮುಗಿದಳು. ಅದು ಅವಳಿಗೆ ಗೊತ್ತಿಲ್ಲದೆಯೇ ಆಗುತ್ತಿದ್ದ ಕೆಲಸ. ರೆನಾನ್ ಕಾರಣ ಕೇಳಿದ.

"ನಮ್ಮ ಗಣಿಯ ಪದ್ಧತಿ," ಎಂದಳು. "ಹೊನ್ನಗಟ್ಟಿಯಲ್ಲೂ ಈಗಿನ ಸುರಂಗಗಳ ಪಕ್ಕದಲ್ಲೇ ಸಾವಿರಾರು ವರ್ಷದ ಹಳೆಯ ಸುರಂಗಗಳಿವೆ. ಅಲ್ಲಿ ದುಡಿದು ಸತ್ತವರನ್ನು ಹಿರಿಯರು ಅನ್ನುತ್ತೇವೆ. ಒಮ್ಮೊಮ್ಮೆ ಹಳೆಯ ಸುರಂಗದ ಕಡೆಯಿಂದ ಬಡಿತ ಕೇಳುತ್ತದೆ, ಹಿರಿಯರು ಕೆಲಸ ಮಾಡುತ್ತಿದ್ದಾರೆ ಅಂತ. ಆಗ ಮೂರು ಪೆಟ್ಟು ಹಾಕಿ, ಕೈಮುಗಿದು, ಆ ಜಾಗ ಬಿಟ್ಟು ಹಿಂದಕ್ಕೆ ಬರಬೇಕು. ನಾಲ್ಕನೇ ಪೆಟ್ಟು ಹಾಕಬಾರದು. ಹಾಕಿದರೆ ಅವರ ಮನೆಯ ಬಾಗಿಲು ಒಡೆದ ಹಾಗೆ."

"ನೀವು ಕೇಳಿದ್ದೀರಾ ಆ ಬಡಿತವನ್ನು?"

"ನಾನು ಕೇಳಿಲ್ಲ. ನಮ್ಮ ಅಪ್ಪ ಸತ್ತಾಗ ಎಲ್ಲರೂ ಕೇಳಿದರಂತೆ. ಸುರಂಗ ಕುಸಿದು ಅಪ್ಪ ಸಿಕ್ಕಿಕೊಂಡಿದ್ದ. ಹುಡುಕಲು ಹೋದವರಿಗೆ ಹಳೆಯ ಸುರಂಗದ ಗೋಡೆಯಿಂದ ಸದ್ದು ಬಂತು. ಹಿರಿಯರೇ ಅವನಿಗಾಗಿ ಅತ್ತರು ಅನ್ನುತ್ತಾರೆ ನಮ್ಮ ಜನ. ಪ್ರತಿ ವರ್ಷ ಆ ದಿನ ಅವ್ವ ಹಿರಿಯರಿಗೆ ಕಾಯಿ ಒಡೆಯುತ್ತಾಳೆ."

ಎಂಟು ವರ್ಷದವಳಿದ್ದಾಗಿನಿಂದ ಕೇಳಿದ ಕಥೆ. ಅದನ್ನವಳು ಯಾವಾಗಲೂ ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತಿದ್ದಳು. ರೆನಾನ್ ಯಂತ್ರವನ್ನು ಎತ್ತಿ ಗೋಡೆಗೆ ಆನಿಸಿಕೊಟ್ಟ.

*

ಫಲಿತಾಂಶ ಬಂದ ಬೆಳಗ್ಗೆ ಹುಲಿಗೆಮ್ಮ ಸುರಂಗದ ಬಾಯಿಯ ಹತ್ತಿರದ ಡೇರೆಯಲ್ಲಿ ಒಬ್ಬಳೇ ಕೂತಿದ್ದಳು. ಬೆಂಕಿಯ ಕಾವು ಅಲ್ಪಸ್ವಲ್ಪವೇ ತಾಕಿದ್ದ ಅಂಚಿನ ಬಂಡೆಯಲ್ಲಿ ಪೆಟ್ಟುಗಳ ಗುರುತು ಅಳಿಯದೆ ಉಳಿದಿತ್ತು. ಪರದೆಯ ಮೇಲೆ ಎರಡು ಬಣ್ಣದ ಗೆರೆಗಳು. ಗೋಡೆಯ ಈಚೆಯಿಂದ ಬಿದ್ದ ಪೆಟ್ಟುಗಳು ಕೆಂಪು, ಆಚೆಯಿಂದ ಬಿದ್ದವು ನೀಲಿ.

ಆಚೆಯಿಂದ. ಅಂದರೆ ಗೋಡೆಯ ಹಿಂದೆ ಜನ ಇದ್ದರು.

ಓದುತ್ತ ಹೋದ ಹಾಗೆ ಅವಳಿಗೆ ಎಲ್ಲ ಸ್ಪಷ್ಟವಾಯಿತು. ಸಾವಿರ ವರ್ಷಕ್ಕೂ ಹಿಂದೆ ಒಂದು ದಿನ ಛಾವಣಿ ಕುಸಿದು ಒಳಗಿದ್ದವರ ದಾರಿ ಮುಚ್ಚಿತ್ತು. ಅವರಿಗೂ ಹೊರಗಿನವರಿಗೂ ನಡುವೆ ಉಳಿದದ್ದು ನೀಲಿಕಲ್ಲಿನ ದಪ್ಪ ಗೋಡೆ. ಕೊಂಬಿನ ಬೆಣೆ ಹಾಕಿ ಎಬ್ಬಿಸುತ್ತ ಕೂತರೆ ತಿಂಗಳುಗಳು ಬೇಕು. ಹೊರಗಿನವರು ಬೆಂಕಿ ಹಾಕಿದ್ದರು. ಅದೂ ಹೇಗೆ? ಮೊದಲು ಎರಡು ಪೆಟ್ಟು ಹಾಕುತ್ತಾರೆ: ಕಾವು ಬರುತ್ತದೆ, ಗೋಡೆ ಬಿಟ್ಟು ಸರಿಯಿರಿ. ಒಳಗಿನಿಂದ ಎರಡು ಪೆಟ್ಟು: ಸರಿದೆವು. ಆಮೇಲೆ ಬೆಂಕಿ, ಆಮೇಲೆ ನೀರು, ಸಿಡಿದ ಕಲ್ಲು ತೆಗೆಯುವುದು. ಮತ್ತೆ ಎರಡು ಪೆಟ್ಟು, ಮತ್ತೆ ಉತ್ತರ, ಮತ್ತೆ ಬೆಂಕಿ.

ನೀಲಿ ಗೆರೆ ಒಂದೇ ಎತ್ತರದಲ್ಲಿರಲಿಲ್ಲ. ಮೊದಮೊದಲು ನೆಟ್ಟಗೆ ನಿಂತಿತ್ತು. ಬರಬರುತ್ತ ಇಳಿಯುತ್ತ ಇಳಿಯುತ್ತ, ಗೋಡೆ ಅರ್ಧ ಸವೆಯುವ ಹೊತ್ತಿಗೆ ನೆಲ ಹಿಡಿದಿತ್ತು.

ಹುಲಿಗೆಮ್ಮ ಗೆರೆಯ ಉದ್ದಕ್ಕೂ ಬೆರಳಾಡಿಸಿದಳು. ಆ ಇಳಿಯುವ ಗೆರೆಯನ್ನು ಅವಳು ಮೊದಲೇ ಬಲ್ಲಳು, ಕಣ್ಣಿಂದಲ್ಲ, ಕಿವಿಯಿಂದ. ಅಪ್ಪನನ್ನು ಹುಡುಕಲು ಹೋದ ತಂಡದ ಮುಂದಾಳು ಅಪ್ಪನ ಖಾಸಾ ತಮ್ಮ ಗದ್ದೆಪ್ಪ ಕಾಕಾ. ಪ್ರತಿ ವರ್ಷ ಕಾಯಿ ಒಡೆದ ಮೇಲೆ ಅವನು ಒಂದೇ ಮಾತು ಹೇಳುತ್ತಿದ್ದ: "ಹಿರಿಯರು ಮೊದ್ಲ ಸಿಟ್ಟಿನಾಗ ಬಡಿದ್ರು. ನಾ ಮೂರು ಪೆಟ್ಟು ಹಾಕಿ ಕೈಮುಗಿದೆ ನೋಡು, ಶಾಂತ ಆದ್ರು. ನಾವು ಬಿದ್ದ ಕಲ್ಲಿನ ಕಡಿ ಅಗಿಯುವಾಗ ಎರಡು ದಿನ ಕೇಳತಿತ್ತು. ಮೆತ್ತಗ, ಮೆತ್ತಗ, ದೂರ ಹ್ವಾದ್ರು."

ಕುಸಿದ ಕಲ್ಲನ್ನೆಲ್ಲ ತೆಗೆದರೂ ಅಪ್ಪ ಅಮರಪ್ಪನ ಹೆಣ ಸಿಕ್ಕಿರಲಿಲ್ಲ. ಯಾಕೆ ಸಿಕ್ಕಲಿಲ್ಲ ಎಂದು ಇಷ್ಟು ಓದಿದ ತಾನು ಒಂದು ದಿನವೂ ಕೇಳಿಕೊಳ್ಳಲಿಲ್ಲ. ಭಕ್ತಿಯಿಂದ ಕೇಳಿದ ಕಥೆಗೆ ಯಾರೂ ಪ್ರಶ್ನೆ ಹಾಕುವುದಿಲ್ಲ.

ಅವಳು ಪರದೆ ಆರಿಸಬೇಕೆಂದುಕೊಳ್ಳುವಷ್ಟರಲ್ಲಿ ರೆನಾನ್ ಒಳಗೆ ಬಂದ. ಹಿಂದೆಯೇ ಬುತ್ತಿಯ ಗಂಟು ಹೊತ್ತು ದುರುಗಮ್ಮ, ಅವಳ ಜೊತೆ ಸಾತುರ್ನಿನಾ. ರೆನಾನ್‌ಗೆ ಹುಲಿಗೆಮ್ಮನ ಮುಖ ಗಮನಿಸುವ ವ್ಯವಧಾನವಿರಲಿಲ್ಲ. ಗೆರೆಗಳನ್ನು ನೋಡಿದವನೇ ಕುರ್ಚಿ ಎಳೆದುಕೊಂಡು ಕೂತು, ಚಿಕ್ಕಮ್ಮನಿಗೆ ಐಮಾರಾದಲ್ಲಿ ವಿವರಿಸುತ್ತ ಸದ್ದಿನ ಗುಂಡಿ ಒತ್ತಿದ.

"ಅವ್ವಾ, ರೊಟ್ಟಿ ಆರತಾವು, ಹೊರಗ ನಡಿ," ಎಂದಳು ಹುಲಿಗೆಮ್ಮ.

"ಆರಿದ್ರ ಆರ್ಲಿ," ಎಂದು ದುರುಗಮ್ಮ ಗಂಟು ಕೆಳಗಿಟ್ಟು ಅಲ್ಲೇ ಕೂತಳು.

ಡೇರೆಯೊಳಗೆ ಕಲ್ಲಿನ ಸದ್ದು ಕೇಳಿತು. ಹೊರಗಿನಿಂದ ಟಕ್, ಟಕ್. ಒಳಗಿನಿಂದ ಟಕ್, ಟಕ್. ಬೆಂಕಿಯ ಹೊತ್ತನ್ನೆಲ್ಲ ಯಂತ್ರ ಹಾರಿಸಿ ಪೆಟ್ಟುಗಳನ್ನಷ್ಟೇ ಹೇಳುತ್ತಿತ್ತು. ಒಳಗಿನದು ಕುಂದುತ್ತ ಬಂತು. ಎರಡರ ಜಾಗದಲ್ಲಿ ಒಂದಾಯಿತು. ಆಮೇಲೆ ಇಲ್ಲವಾಯಿತು.

ಹೊರಗಿನದು ನಿಲ್ಲಲಿಲ್ಲ. ಟಕ್, ಟಕ್. ಕಾಯುವುದು, ಮೊದಲಿಗಿಂತ ಹೆಚ್ಚು ಹೊತ್ತು ಕಾಯುವುದು. ಉತ್ತರ ಬಾರದಿದ್ದರೂ ಬೆಂಕಿ. ಮರುದಿನ ಮತ್ತೆ ಟಕ್, ಟಕ್. ಗೋಡೆ ತೂತಾಗಿ ಆಚೆಗೆ ದಾರಿ ಬಿಡುವವರೆಗೂ ಅವರು ಹಾಗೆಯೇ ಕೇಳಿ ಕೇಳಿ ಸುಟ್ಟಿದ್ದರು. ಒಳಗಿನ ಆ ಸಣ್ಣ ಕೋಣೆಯಲ್ಲಿ ರೆನಾನ್‌ಗೆ ಒಂದು ಎಲುಬಿನ ಚೂರೂ ಸಿಕ್ಕಿರಲಿಲ್ಲ. ಈಗ ಕಾರಣ ತಿಳಿಯಿತು. ಎಲ್ಲರನ್ನೂ ಹೊರಗೆ ತಂದಿದ್ದರು.

"ಉತ್ತರ ನಿಂತ ಮೇಲೂ ಬಿಡಲಿಲ್ಲ," ಎಂದ ರೆನಾನ್ ತನಗೆ ತಾನೇ. "ಅಷ್ಟು ನೀಲಿಯನ್ನು ಸುಟ್ಟುಬಿಟ್ಟರು."

ಸಾತುರ್ನಿನಾಳಿಗೆ ಅದರಲ್ಲಿ ವಿಶೇಷ ಕಾಣಲಿಲ್ಲ. ಅವಳಂದದ್ದನ್ನು ರೆನಾನ್ ತಿರುಗಿಸಿ ಹೇಳಿದ: "ನಮ್ಮವರನ್ನು ಬೆಟ್ಟದೊಳಗೆ ಬಿಟ್ಟು, ಆ ಕಲ್ಲನ್ನು ತಂದು ಯಾರ ಕೊರಳಿಗೆ ಹಾಕುವುದು ಅನ್ನುತ್ತಾಳೆ."

ದುರುಗಮ್ಮ ಇದಾವುದನ್ನೂ ಕೇಳಿಸಿಕೊಂಡಂತೆ ಕಾಣಲಿಲ್ಲ. ಮಗಳ ಮುಖವನ್ನೇ ನೋಡುತ್ತಿದ್ದಳು.

"ಹುಲಿಗಿ, ಸತ್ತೋರು ದಣೀತಾರೇನು?" ಎಂದು ಕೇಳಿದಳು.

ಹುಲಿಗೆಮ್ಮ ಕೈಚಾಚಿ ಪರದೆ ಆರಿಸಿದಳು.

"ದಣಿಯಂಗಿಲ್ಲಲ್ಲ. ಜೀವ ಇದ್ದೋರ ಕೈ ಅಷ್ಟ ದಣಿಯೂದು."

*

ಅಂದು ಸಂಜೆ ಒಲೆಯ ಮುಂದೆ ಅವ್ವ ಮಗಳ ನಡುವೆ ನಡೆದದ್ದನ್ನು ಜಗಳ ಎನ್ನುವಂತಿಲ್ಲ. ಇಬ್ಬರೂ ದನಿ ಏರಿಸಲಿಲ್ಲ.

"ಆ ಮಷಿನ್ ತಗೊಂಡು ನಮ್ಮೂರಿಗೆ ನಡಿ," ಎಂದಳು ದುರುಗಮ್ಮ.

"ತಿಳದು ಏನು ಮಾಡ್ತಿ ಅವ್ವಾ? ಅಪ್ಪ ಆ ಕ್ಷಣಕ್ಕ ಹ್ವಾದ, ಸಂಕಟ ಪಡಲಿಲ್ಲ ಅಂತ ಇಷ್ಟು ದಿನ ನಂಬೀವಿ. ಅದನ್ನೂ ಕಳಕೋಬೇಕಾ?"

"ನೀ ನಂಬಿದಿ. ನನ್ನ ತಲ್ಯಾಗ ಒಂದು ಹುಳ ಮೊದ್ಲಿಂದನ ಇತ್ತು. ಯಾರ ಮುಂದ ಬಿಚ್ಚಲಿ? ಹಿರಿಯರ ಮ್ಯಾಲ ಸಂಶಯ ಪಟ್ಟಳು ಅಂತಾರ. ನಿನ್ನ ಮಷಿನ್ ಸುದ್ದಿ ಕೇಳಿದ ದಿನ ಅಂದ್ಕೊಂಡೆ, ಮೊದ್ಲ ಮಂದಿ ಊರಾಗ ಅದು ಖರೇ ಹೇಳತೈತೋ ಇಲ್ಲೋ ನೋಡೂಣು ಅಂತ. ಅದಕ್ಕ ಬಂದೆ."

ಬೇಳೆ ಬೇಯುವುದಿಲ್ಲವೆಂದು ಗೊಣಗುತ್ತ ಅವ್ವ ಇಷ್ಟು ದಿನ ಕಾದದ್ದು ಇದಕ್ಕೆ.

"ಕಾಕಾಗ ಏನಂತ ಹೇಳೂದು?" ಎಂದಳು ಹುಲಿಗೆಮ್ಮ.

ಅದೇ ದೊಡ್ಡ ಮುಳ್ಳು. ಅಪ್ಪ ಹೋದ ಮೇಲೆ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟವನು ಗದ್ದೆಪ್ಪ ಕಾಕಾ. ಅಣ್ಣನ ಸಂಸಾರ ದಡ ಮುಟ್ಟಲಿ ಎಂದು ತಾನು ಮದುವೆಯಾಗಲಿಲ್ಲ. ಗಣಿಯ ಧೂಳು ಕುಡಿದು ಈಗ ಹತ್ತು ಹೆಜ್ಜೆಗೊಮ್ಮೆ ನಿಂತು ಉಸಿರೆಳೆಯುವ ಮುದುಕ. ನೀನು ಕೈಮುಗಿದು ಹಿಂದೆ ಸರಿದದ್ದು ನಿನ್ನ ಅಣ್ಣನಿಗೆ ಎಂದು ಅವನಿಗೆ ಯಾವ ಬಾಯಿಂದ ಹೇಳುವುದು?

ದುರುಗಮ್ಮ ಒಲೆಯ ಉರಿ ಸಣ್ಣ ಮಾಡಿದಳು. "ಅಂವಂಗ ಏನೂ ಅನಿಸಿಲ್ಲ ಅಂದ್ಕೊಂಡೀ? ಪ್ರತಿ ವರ್ಷ ಅದೊಂದ ಮಾತು ಯಾಕ ಹೇಳತಾನ? ತನಗ ತಾನ ಹೇಳ್ಕೊತಾನ." ಆಮೇಲೆ ಮಗಳ ಕಡೆ ತಿರುಗಿ ಹೇಳಿದಳು: "ಇವರು ನೋಡು, ಒಳಗಿಂದ ಸದ್ದು ನಿಂತ ಮ್ಯಾಲೂ ಬಿಡಲಿಲ್ಲ. ನಾವು ಸದ್ದು ಇದ್ದಾಗನ ಕೈಮುಗಿದು ಬಂದಿವಿ. ನನ್ನ ಗಂಡ ಒಳಗ ಅದಾನೋ ಇಲ್ಲೋ, ಅಷ್ಟು ನನಗ ಗೊತ್ತಾಗಬೇಕು."

*

ಹೊನ್ನಗಟ್ಟಿ ಗಣಿ ಮುಚ್ಚಿ ವರ್ಷಗಳಾಗಿದ್ದವು. ಕೆಳಗಿನ ಅಂತಸ್ತುಗಳಲ್ಲಿ ನೀರು ತುಂಬಿತ್ತು, ಮೇಲಿನದಕ್ಕೆ ಇಳಿಜಾರು ದಾರಿಯಿಂದ ಇನ್ನೂ ಹೋಗಬಹುದಾಗಿತ್ತು. ಅನುಮತಿ ಸಿಕ್ಕಲು ಬೇಸಿಗೆ ಕಳೆಯಿತು. ಗೋಡೆಯ ಹಿಂದೆ ಮನುಷ್ಯನಿದ್ದ ಗುರುತು ಸಿಕ್ಕರೆ ಒಡೆಯಬಹುದು, ಇಲ್ಲವಾದರೆ ಹಳೆಯ ಸುರಂಗವನ್ನು ಮುಟ್ಟುವಂತಿಲ್ಲ ಎಂಬುದು ಕರಾರು.

ಗದ್ದೆಪ್ಪನಿಗೆ ಹುಲಿಗೆಮ್ಮ ಹೇಳಿದ್ದಿಷ್ಟೇ: ಯಂತ್ರದಿಂದ ಆ ಗೋಡೆಯನ್ನು ಅಳೆಯುತ್ತೇವೆ. ಅವನು ಏನನ್ನೂ ಕೇಳಲಿಲ್ಲ. ಕಪಾಟಿನಿಂದ ತನ್ನ ಹಳೆಯ ಗಣಿ ಟೋಪಿ ತೆಗೆದು ಒರೆಸಿಕೊಂಡ.

"ಬ್ಯಾಡ ಕಾಕಾ. ಆ ಇಳಿಜಾರು ನಿನ್ನ ಉಸಿರಿಗೆ ಆಗಂಗಿಲ್ಲ."

"ಯಾವ ಜಾಗ ಅಂತ ನಿಂಗ ಹೆಂಗ ಗೊತ್ತಾಗಬೇಕು? ಅಲ್ಲಿ ನಿಂತಿದ್ದಂವ ನಾನು," ಎಂದ.

ಬೆಳಗಿನ ತಿಂಡಿ ಮುಗಿಸಿ ಇಳಿದರು. ಮುಂದೆ ಗದ್ದೆಪ್ಪ, ಗೋಡೆ ಹಿಡಿದು, ನಿಂತು ನಿಂತು. ಅವನ ಹಿಂದೆ ಹುಲಿಗೆಮ್ಮ, ದುರುಗಮ್ಮ, ಕೊನೆಯಲ್ಲಿ ಯಂತ್ರ ಹೊತ್ತ ನಾಲ್ವರು ಗಣಿ ಕೆಲಸಗಾರರು, ಅವರ ಕೈಯಲ್ಲಿ ಸುತ್ತಿಗೆ ಉಳಿಗಳು. ಒಂದು ಕವಲಿನ ತುದಿಯಲ್ಲಿ ಗದ್ದೆಪ್ಪ ನಿಂತ. ಎದುರಿಗೆ ಬರಿಯ ಕರಿಬಂಡೆ.

"ಇಲ್ಲಿ," ಎಂದ. ಹಣೆಯ ದೀಪದ ಬೆಳಕಿನಲ್ಲಿ ಬಂಡೆಯ ಮೇಲೆ ಅಂಗೈ ಇಟ್ಟ.

ಹುಲಿಗೆಮ್ಮ ಈ ಸಲ ಗೋಡೆಯನ್ನು ತಟ್ಟಲಿಲ್ಲ. ಯಂತ್ರ ಆನಿಸಿ, ಬೆಳಕಿನ ಎಳೆ ಹಾಯಿಸಿ, ಕಾಯುತ್ತ ಕೂತಳು. ಗದ್ದೆಪ್ಪನ ಎದೆಯ ಗೊರಗೊರ ಸದ್ದೊಂದೇ.

ಗೆರೆಗಳು ಮೂಡಿದವು.

ಮೊದಲು ಆಚೆಯಿಂದ ಬಿದ್ದ ಪೆಟ್ಟುಗಳು, ಕಬ್ಬಿಣದವು, ಗಾಬರಿಯವು. ಲೆಕ್ಕವಿಲ್ಲ, ಬಿಡುವಿಲ್ಲ, ಒಂದರ ಮೇಲೊಂದು. ಕಾಲ ಮೂವತ್ತು ವರ್ಷದ ಆಸುಪಾಸು. ಆಮೇಲೆ ಈಚೆಯಿಂದ ಮೂರು ಪೆಟ್ಟು, ಬಲವಾದವು, ಸ್ಪಷ್ಟವಾದವು. ಆ ಮೂರು ಬೀಳುತ್ತಲೇ ಆಚೆಯ ಗಾಬರಿ ನಿಂತಿತ್ತು. ಸ್ವಲ್ಪ ಬಿಡುವಿನ ನಂತರ ಆಚೆಯಿಂದಲೂ ಮೂರು. ಬಿಡುವು. ಮತ್ತೆ ಮೂರು. ಗಂಟೆಗಟ್ಟಲೆ, ಇಡೀ ದಿನ, ಮರುದಿನ, ಒಂದೇ ಹದದಲ್ಲಿ. ಬರಬರುತ್ತ ಮೆತ್ತಗಾಗಿ, ಮೂರನೆಯದು ಬೀಳದೆ ಎರಡಾಗಿ, ಎರಡನೆಯದು ಬೀಳದೆ ಒಂದಾಗಿ, ಕೊನೆಗೆ ಗೆರೆ ನೆಲ ಹಿಡಿದಿತ್ತು.

ಹುಲಿಗೆಮ್ಮ ಎಲ್ಲವನ್ನೂ ಜೋಡಿಸಿಕೊಂಡಳು. ಕುಸಿತದಲ್ಲಿ ತೆರೆದ ಯಾವುದೋ ಬಿರುಕಿನಿಂದ ಅಪ್ಪ ಹಳೆಯ ಸುರಂಗಕ್ಕೆ ತೆವಳಿದ್ದ. ಕೈಯಲ್ಲಿ ಸುತ್ತಿಗೆ ಇತ್ತು. ಈ ಗೋಡೆ ಹುಡುಕಿಕೊಂಡು ಬಂದಿದ್ದ. ನಡುವೆ ಇದ್ದದ್ದು ಎರಡು ಗೇಣು ಬಂಡೆ, ನಾಲ್ಕು ಜನರಿಗೆ ಒಂದು ಹೊತ್ತಿನ ಕೆಲಸ.

"ಹುಲಿಗಿ." ಗದ್ದೆಪ್ಪ ಪರದೆಯ ಕಡೆ ನೋಡುತ್ತಿರಲಿಲ್ಲ. ಗೋಡೆಯ ಕಡೆಗೇ ಮುಖ. "ಹಿರಿಯರ ಹೌದಿಲ್ಲೋ?"

ಹೌದು ಎನ್ನಬಹುದಿತ್ತು. ಕಲ್ಲು ಒದ್ದೆಯಾಗಿದೆ, ಏನೂ ಸಿಕ್ಕಲಿಲ್ಲ ಎನ್ನಬಹುದಿತ್ತು. ಅಲ್ಲಿದ್ದವರಲ್ಲಿ ಆ ಗೆರೆಗಳನ್ನು ಓದಬಲ್ಲವಳು ಅವಳೊಬ್ಬಳೇ. ಶಾಲೆಯ ದಾರಿಯಲ್ಲಿ ಅವಳ ಕಾಲುಗಳನ್ನು ಹಿಡಿದುಕೊಂಡಿದ್ದ ಕೈಗಳು ಈಗ ಆ ಗೋಡೆಗೆ ಆನಿಸಿಕೊಂಡಿದ್ದವು. ಹುಲಿಗೆಮ್ಮ ಅವ್ವನ ಕಡೆ ನೋಡಿದಳು. ಅವ್ವ ಗೋಡೆಯನ್ನೇ ನೋಡುತ್ತಿದ್ದಳು.

"ಅಲ್ಲ ಕಾಕಾ," ಎಂದಳು. "ಅಪ್ಪ."

ಗದ್ದೆಪ್ಪ ನಿಂತಲ್ಲೇ ಕುಸಿದು ಕೂತ. ಅಳಲಿಲ್ಲ. ಬಾಯಿ ತೆರೆದು ಉಸಿರೆಳೆಯಲು ನೋಡಿದ, ಉಸಿರು ಬರಲಿಲ್ಲ. ಕೆಲಸಗಾರನೊಬ್ಬ ನೀರು ಹಿಡಿದರೆ ತಲೆಯಾಡಿಸಿದ. ಉಸಿರು ತಿರುಗಿದ ಮೇಲೆ ಹೇಳಿದ: "ನಾನ ಬಡಿದೆ. ಮೂರು. ಕೈಮುಗಿದು ಎಲ್ಲಾರ್ನೂ ಹಿಂದಕ ಕರಕೊಂಡು ಬಂದೆ. ನಾನ."

ದುರುಗಮ್ಮ ಮಗಳ ಹತ್ತಿರ ಬಂದಳು. ಅವಳ ದನಿ ಗಟ್ಟಿಯಾಗಿಯೇ ಇತ್ತು. "ಒಂದು ಹೇಳು. ಇವರು ಬರಂಗಿಲ್ಲ ಅಂತ ಅಂವಂಗ ಗೊತ್ತಾಗಿತ್ತೇನು?"

ಹುಲಿಗೆಮ್ಮ ಗೆರೆಗಳನ್ನು ಮತ್ತೆ ನೋಡಿದಳು. ಅವಳಿಗೆ ಬೇಕಾದದ್ದನ್ನಲ್ಲ, ಅಲ್ಲಿ ಇದ್ದದ್ದನ್ನು ಹೇಳಬೇಕಿತ್ತು.

"ಇಲ್ಲವ್ವ. ಕಾಕಾನ ಮೂರು ಪೆಟ್ಟು ಕೇಳಿಸಿತ್ತು ಅಂವಂಗ. ಅದಕ್ಕಿಂತ ಮೊದ್ಲ ಹುಚ್ಚು ಹಿಡಿದಂಗ ಬಡಿದಾನ. ಆಮ್ಯಾಲ ಒಂದ ಸಲಾನೂ ಹಂಗ ಬಡಿದಿಲ್ಲ. ಗೊತ್ತಾತು ನಮ್ಮೋರು ಬಂದ್ರು ಅಂತ. ಎಲ್ಲಿ ಅದೀನಿ ಅಂತ ಅವರಿಗೆ ತಿಳೀಲಿ ಅಂತ ಮೂರು ಮೂರು ಬಡಿದಾನ, ಕಡೀತನಕ. ಬರತೀರಿ ಅಂತನ ನಂಬಿದ್ದ."

ಅದು ಸಮಾಧಾನವೋ ಶೂಲವೋ ಹೇಳಿದವಳಿಗೂ ತಿಳಿಯಲಿಲ್ಲ. ದುರುಗಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಮೂವತ್ತು ವರ್ಷದ ಕಾಯಿಗಳನ್ನೆಲ್ಲ ಅವಳು ಒಡೆದದ್ದು ಈ ಗೋಡೆಯ ಮೇಲುಗಡೆ, ನೆಲದ ಮೇಲೆ ನಿಂತು. ಆಮೇಲೆ ಸೆರಗು ತೆಗೆದು ಮೂಗೊರೆಸಿಕೊಂಡು, ಕೆಲಸಗಾರನ ಕೈಯಿಂದ ಒಂದು ಸುತ್ತಿಗೆ ಇಸಿದುಕೊಂಡಳು. ಮೈದುನನ ಮುಂದೆ ಹೋಗಿ ನಿಂತಳು.

"ಏಳು ತಮ್ಮಾ. ಅಂವ ಕಾಯಾಕತ್ತ್ಯಾನ."

"ಸದ್ದು ನಿಂತು ಎಷ್ಟು ವರ್ಷ ಆತು ಯಕ್ಕಾ," ಎಂದ ಗದ್ದೆಪ್ಪ.

"ನಿಲ್ಲಲಿ. ಅಲ್ಲಿ ಒಂದು ಮಂದಿ ಅದಾರ, ಸದ್ದು ನಿಂತ ಮ್ಯಾಲೂ ಹೋಗಿ ಕರಕೊಂಡು ಬಂದ್ರು. ಏಳು."

ಅವನು ಗೋಡೆ ಹಿಡಿದು ಎದ್ದ. ಸುತ್ತಿಗೆಯನ್ನು ಎರಡೂ ಕೈಯಲ್ಲಿ ಹಿಡಿದ. ಕೆಲಸಗಾರರು ತಾವು ಒಡೆಯುತ್ತೇವೆ ಎಂದು ಮುಂದೆ ಬಂದರು. ಹುಲಿಗೆಮ್ಮ ಅವರನ್ನು ತಡೆದಳು.

ಗದ್ದೆಪ್ಪ ಬಂಡೆಗೆ ಒಂದು ಪೆಟ್ಟು ಹಾಕಿದ. ಎರಡು. ಮೂರು.

ಮೂರನೆಯದರ ಸದ್ದು ಹಳೆಯ ಸುರಂಗದೊಳಗೆ ಓಡಿಹೋಗಿ ಅಡಗಿತು. ಅವನು ನಿಂತ. ಒಂದು ಕೈ ಸುತ್ತಿಗೆಯನ್ನು ಬಿಟ್ಟು ತಾನಾಗಿಯೇ ಎದೆಯ ಕಡೆಗೆ ಬಂತು, ಜೋಡಿ ಕೈಯನ್ನು ಹುಡುಕುತ್ತ. ಎಲ್ಲರೂ ಆ ಕೈಯನ್ನೇ ನೋಡುತ್ತಿದ್ದರು. ಅದು ಒಂದಿಷ್ಟು ಹೊತ್ತು ಅಲ್ಲೇ ನಿಂತು, ಮೆಲ್ಲಗೆ ಕೆಳಗಿಳಿದು ಮತ್ತೆ ಸುತ್ತಿಗೆಯ ಹಿಡಿ ಹಿಡಿದುಕೊಂಡಿತು.

"ಬಂದೆ ಅಣ್ಣಾ," ಎಂದ ಗದ್ದೆಪ್ಪ. ನಾಲ್ಕನೆಯ ಪೆಟ್ಟು ಹಾಕಿದ.